ಬಾಣೆಯ ಸೊಪ್ಪು

ವಿರಾಜಪೇಟೆಯ ಗಡಿಯಾರ ಕಂಬದ ಹಿಂದೆ
ಮೆಟ್ಟಿಲ ಕೆಳಗಿನ ಆರಡಿ ಅಂಗಡಿ ನನ್ನದು.
ಒಂದು ಜೆರಾಕ್ಸ್ ಯಂತ್ರ, ಒಂದು ಸ್ಟೂಲು, ಪುಟಕ್ಕೆ ಎರಡು ರೂಪಾಯಿ.
ಗಾಜಿನ ಮೇಲೆ ಬೋರಲು ಬಿದ್ದದ್ದನ್ನು ನಾನು ಓದುವುದಿಲ್ಲ.
ಜಾತಕ, ಪಹಣಿ, ವಿಚ್ಛೇದನದ ಅರ್ಜಿ...
ಓದುವುದಿಲ್ಲ ಅನ್ನುವುದು ಸುಳ್ಳು.

ಆ ಮಂಗಳವಾರ ಸಿಂಧು ತಂದದ್ದು ಅಣಬೆಯ ಪುಸ್ತಕ.
ತಿತಿಮತಿ ಹಾಡಿಯವಳು, ಬಿ.ಎಸ್ಸಿ. ಎರಡನೇ ವರ್ಷ.
ಲೈಬ್ರರಿಯ ಮೊಹರು, ಬೆಲೆ ಎಂಟುನೂರೈವತ್ತು.
"ಹನ್ನೊಂದೇ ಪುಟ ಅಕ್ಕಾ, ಗುರುತು ಇಟ್ಟಿದ್ದೇನೆ."
ಮೊದಲ ಹಾಳೆಯಲ್ಲೇ ಕುಳಿತಿತ್ತು
ಬಾಲ ಮಡಚಿದ ಬೆಕ್ಕಿನ ಹಾಗೆ, ಸೊನ್ನೆಯೊಳಗೊಂದು ಸಿ.
ಕೆಳಗೆ: ಎಲ್ಲ ಹಕ್ಕುಗಳನ್ನು ಕಾದಿರಿಸಲಾಗಿದೆ.
ಎಲ್ಲ ಅಂದರೆ, ಎಲ್ಲವೂ?

ಏಳನೇ ಪುಟ ಬರುವಾಗ ಮೆಟ್ಟಿಲಿಳಿದು ಬಂದವರು
ಬರೆದ ಪೂವಯ್ಯ ಮಾಸ್ತರೇ,
ಆಧಾರ್ ಕಾರ್ಡಿನ ಎರಡು ಪ್ರತಿಗೆ.
ಗಾಜಿನ ಮೇಲೆ ತಮ್ಮ ಕೈಯ ಚಿತ್ರ ಕಂಡು
"ಹದಿನಾಲ್ಕು ಮಳೆಗಾಲ ಮೊಣಕಾಲೂರಿ ಬಿಡಿಸಿದ್ದು" ಎಂದರು,
ನನಗಲ್ಲ, ಯಂತ್ರಕ್ಕೆ.
ಅದು ಬಿಸಿ ಉಸಿರು ಬಿಟ್ಟು ಎಂಟನೆಯದನ್ನು ಹೊರಗಿಟ್ಟಿತು.

ಸಿಂಧು ಎದ್ದು ನಿಂತಳು.
"ಸಾರ್, ಅರವತ್ತಮೂರನೇ ಪುಟ ತಪ್ಪು.
ತಿನ್ನಬಹುದು ಅಂತ ಬರೆದಿದ್ದೀರಿ. ನಮ್ಮ ಚಿಕ್ಕಮ್ಮ ತಿಂದು
ಎರಡು ದಿನ ಗೋಣಿಕೊಪ್ಪದ ಆಸ್ಪತ್ರೆಯಲ್ಲಿದ್ದರು.
ಹುತ್ತದ ಅಣಬೆಗೆ ಮಣ್ಣೊಳಗೆ ಉದ್ದ ಬೇರು; ಇದಕ್ಕಿಲ್ಲ.
ತಪ್ಪು ತೋರಿಸಬೇಕಾದರೆ
ನಿಮ್ಮ ಚಿತ್ರವನ್ನೇ ಪಕ್ಕದಲ್ಲಿಡಬೇಕಲ್ಲ?"
ಆಮೇಲೆ, ಮೆಲ್ಲಗೆ:
"ಹೆಸರೆಲ್ಲ ನಮ್ಮ ಅಜ್ಜಿ ಚೋಮಿ ಹೇಳಿದ್ದು.
ಮುನ್ನುಡಿಯಲ್ಲಿ 'ಸ್ಥಳೀಯರೊಬ್ಬರು' ಅಂತಿದೆ."

ಸಿದ್ದಾಪುರದ ಬಸ್ಸು ಎರಡು ಸಲ ಹಾರ್ನ್ ಹೊಡೆದು ಹೋಯಿತು.
ಮಾಸ್ತರು ಸ್ಟೂಲಿನಲ್ಲಿ ಕೂತು ಕನ್ನಡಕ ಒರೆಸಿದರು,
ಅರವತ್ತಮೂರನ್ನು ಓದಿದರು,
ಬೇರೆ ಯಾರೋ ಬರೆದದ್ದನ್ನು ಓದುವ ಹಾಗೆ.

"ನಮ್ಮ ಅಪ್ಪನಿಗೆ ಬಾಣೆ ಇತ್ತು" ಎಂದರು ಕೊನೆಗೆ.
"ಗದ್ದೆಗೆ ಸೊಪ್ಪು ತರಬಹುದು, ಒಲೆಗೆ ಸೌದೆ,
ದನ ಬಿಡಬಹುದು, ಕೊಟ್ಟಿಗೆಗೊಂದು ತೊಲೆ ಕಡಿಯಬಹುದು.
ಲಾರಿ ಹತ್ತಿಸಿದರೆ ಮಾತ್ರ ಫಾರೆಸ್ಟಿನವರು ಬರುತ್ತಿದ್ದರು.
ಎಷ್ಟು ಹೊರೆ ಅಂತ ಎಲ್ಲೂ ಬರೆದಿರಲಿಲ್ಲ ಮಾರಾಯ್ತಿ,
ಯಾವ ಕಡೆಗೆ ಹೊತ್ತೆ ಅನ್ನುವುದೇ ಲೆಕ್ಕ.
ಓದಲಿಕ್ಕೆ, ಪಾಠಕ್ಕೆ, ಬರೆದವನನ್ನು ಬೈಯಲಿಕ್ಕೆ,
ಕಾನೂನೂ ಬೇಲಿಯಲ್ಲೊಂದು ತಡಮೆ ಬಿಟ್ಟಿದೆ.
ಮಾಡು, ಇನ್ನು ಮೂರಿದೆಯಲ್ಲ."

ಅಜ್ಜಿಯ ಹೆಸರಿನ ಮಾತೆತ್ತಲಿಲ್ಲ.
ಆಧಾರ್ ಇಲ್ಲೇ ಮರೆತು ಹೋದರು.

ಅವರಿಗೆ ಗೊತ್ತಿಲ್ಲದ್ದು ಇದು:
ಹೋದ ಡಿಸೆಂಬರಿನಲ್ಲಿ ಷಟರ್ ಅರ್ಧ ಇಳಿಸಿ
ಇದೇ ಪುಸ್ತಕವನ್ನು, ರಟ್ಟಿನಿಂದ ರಟ್ಟಿಗೆ, ನಲವತ್ತು ಪ್ರತಿ
ಹೋಂಸ್ಟೇಯವನೊಬ್ಬನಿಗೆ ಸ್ಪೈರಲ್ ಹಾಕಿ ಕೊಟ್ಟಿದ್ದೆ.
ಕಾಫಿಪುಡಿ, ಜೇನಿನ ಪಕ್ಕ ಇಟ್ಟು ಮಾರುತ್ತಾನಂತೆ, ಇನ್ನೂರೈವತ್ತಕ್ಕೆ.
ಅರವತ್ತಮೂರೂ ಅದರಲ್ಲಿದೆ.
ಆಗ ಯಾರೂ ಮೆಟ್ಟಿಲಿಳಿದು ಬರಲಿಲ್ಲ.
ಆ ದುಡ್ಡಲ್ಲಿ ಕೊಂಡ ಡ್ರಮ್ಮೇ
ಸಿಂಧುವಿನ ಹನ್ನೊಂದಕ್ಕೂ ತಿರುಗಿದ್ದು.

ಶುಕ್ರವಾರ ಮಾಸ್ತರು ಕಾರ್ಡಿಗೆ ಬಂದರು.
"ಆ ಹುಡುಗಿ ಬರೆದದ್ದು ನನಗೊಂದು ಪ್ರತಿ ಸಿಕ್ಕೀತೇ?"
ಅವಳು ಬಿಟ್ಟುಹೋದ ಹಾಳೆಗಳು ಡ್ರಾಯರಿನಲ್ಲೇ ಇದ್ದವು.
"ಅವಳನ್ನು ಕೇಳಬೇಕು ಸಾರ್" ಎಂದೆ.
ಹನ್ನೆರಡು ವರ್ಷದಲ್ಲಿ ಈ ಅಂಗಡಿಯೊಳಗೆ
ಆ ಮಾತು ಆಡಿದ್ದು ಅದೇ ಮೊದಲು.
ಅವರು ತಲೆಯಾಡಿಸಿ, ಆಧಾರಿನ ಎರಡು ಪ್ರತಿಗೆ
ನಾಲ್ಕು ರೂಪಾಯಿ ಗಾಜಿನ ಮೇಲಿಟ್ಟರು.
ಬೇಡ ಅಂದೆ.
ಯಾಕೆ ಅಂದರು.
ನಾಣ್ಯದ ಕೆಳಗೆ ಬೆಳಕು
ಆ ತುದಿಯಿಂದ ಈ ತುದಿಗೆ ಬಂತು,
ನಾನು ಗುಂಡಿ ಒತ್ತಿದ್ದೆನೋ ಏನೋ.