ಏಳು ಚಿಟಿಕೆ

ವೀಸಾ ಕ್ಯಾನ್ಸಲ್ ಆಗಿ ಊರಿಗೆ ಹೊರಟ ಸಿಪ್ರಿಯನ್
ಟಿವಿ ಮಾರಿದ, ಇಸ್ತ್ರಿಪೆಟ್ಟಿಗೆ ಮಾರಿದ,
ಮೀನಿನ ತೊಟ್ಟಿಗೆ ಮಾತ್ರ ಗಿರಾಕಿ ಸಿಗಲಿಲ್ಲ.
‘ನೋಡಿಕೊಳ್ಳಿ’ ಅಂದ. ಯಾರಿಗೆ ಅಂತ ಹೇಳಲಿಲ್ಲ.
ತಾಪತ್ರಯ ಶುರುವಾದದ್ದು ಅಲ್ಲಿಂದ.

ರೂವಿಯ ನಮ್ಮ ಕೋಣೆಯಲ್ಲಿ ಏಳು ಮಂಚ, ಮೂರು ಪಾಳಿ.
ಒಬ್ಬನ ಬೆಳಗು ಇನ್ನೊಬ್ಬನ ರಾತ್ರಿ.
ಒಬ್ಬರ ಮುಖ ಒಬ್ಬರು ನೋಡುವುದು ಶುಕ್ರವಾರ,
ಅದೂ ಬಚ್ಚಲಿನ ಸರದಿಯಲ್ಲಿ.

ಬೇಕರಿಯಿಂದ ನಸುಕಿಗೆ ಬರುವ ಇದಿನಬ್ಬ
ಬೂಟು ಬಿಚ್ಚುವ ಮೊದಲೇ ಡಬ್ಬಿ ತೆರೆಯುತ್ತಿದ್ದ:
‘ಪಾಪ, ರಾತ್ರಿಯಿಡೀ ಉಪವಾಸ.’
ಕ್ರೇನ್ ಹತ್ತಲು ಹೊರಟ ಪೋಚಯ್ಯ, ತಾನು ತಿನ್ನುವ ಮುಂಚೆ.
ಆಸ್ಪತ್ರೆ ಒರೆಸಿ ಬಂದ ಟೇಕ್ ಬಹಾದುರ್ ಮಧ್ಯಾಹ್ನ.
ಟೈಲರ್ ಅಣ್ಣತಮ್ಮಂದಿರು, ಒಬ್ಬನಿಗೆ ತಿಳಿಯದ ಹಾಗೆ ಇನ್ನೊಬ್ಬ.
ಎಸಿ ಮೆಕ್ಯಾನಿಕ್ ಸೋಮರಾಜನ್ ಯಾವಾಗೆಂದರೆ ಆವಾಗ.
ಲೆಕ್ಕದ ಪುಸ್ತಕ ಮುಚ್ಚಿ ನಾನು ಬರುವುದು ಸಂಜೆ ಏಳಕ್ಕೆ.
ನನ್ನದು ಒಂದೇ ಚಿಟಿಕೆ ಅಂದುಕೊಂಡಿದ್ದೆ.
ನನ್ನ ಬೆರಳುಗಳೇನೂ ಸಣ್ಣವಲ್ಲ.

ಮೀನು ಬೇಡ ಅನ್ನುವುದಿಲ್ಲ.
ಹುಟ್ಟಿದಾಗಿನಿಂದ ಅಗುಳು ಕಾಣದ ಹಾಗೆ
ಪ್ರತಿ ಸಲವೂ ಬಾಯಿ ತೆರೆದು ಮೇಲೆ ಬರುತ್ತದೆ.

ನೀರಿಗೆ ಮೊದಲು ಅಕ್ಕಚ್ಚಿನ ಬಣ್ಣ,
ಆಮೇಲೆ ಗಂಜಿತಿಳಿಯದು.
ಅದರೊಳಗೆ ಐದು ಗೋಲ್ಡ್‌ಫಿಶ್,
ಮಂಜಿನ ಘಾಟಿಯಲ್ಲಿ ಎದುರು ಬರುವ ಲಾರಿಗಳ ದೀಪದಂತೆ.

ಒಂದು ರಾತ್ರಿ ಎಚ್ಚರವಾಯಿತು. ಸದ್ದಿಗಲ್ಲ,
ಸದ್ದು ನಿಂತದ್ದಕ್ಕೆ.
ಎರಡು ವರ್ಷ ಗುಳುಗುಳು ಅನ್ನುತ್ತಿದ್ದ ಫಿಲ್ಟರು
ಬಿಕ್ಕಿ ಸುಮ್ಮನಾಗಿತ್ತು.
ಬಿಚ್ಚಿದರೆ ಸ್ಪಂಜಿನ ತುಂಬ
ಉಬ್ಬಿ ಕೊಳೆತ ಕಾಳು, ಬಿಸ್ಕತ್ತಿನ ಹುಡಿ, ಖುಬ್ಬೂಸಿನ ಚೂರು.
ಯಾವುದು ಯಾರ ಅಕ್ಕರೆ ಅಂತ
ಬೇರ್ಪಡಿಸಲು ಬರುವಂತಿರಲಿಲ್ಲ.
ಒಂದು ಸತ್ತಿತ್ತು, ಉದ್ದ ಬಾಲದ್ದು.
ನಾತಕ್ಕೆ ಎದ್ದ ಪೋಚಯ್ಯ ಪೇಪರಿನಲ್ಲಿ ಸುತ್ತಿ
ಕೆಳಗೆ ಒಯ್ದ. ವಾಪಸು ಬರಲು ಬಹಳ ಹೊತ್ತು ಮಾಡಿದ.

ಶುಕ್ರವಾರ ಪಂಚಾಯಿತಿ. ಎಲ್ಲರೂ ಆರೋಪಿಗಳೇ.
ಸೋಮರಾಜನ್ ಹೇಳಿದ: ‘ಹಾಕುವಾಗ ಪಂಪು ಆರಿಸಿ.
ಇಲ್ಲದಿದ್ದರೆ ಮೀನಿಗಿಂತ ಮುಂಚೆ ಫಿಲ್ಟರೇ ಉಣ್ಣುತ್ತದೆ.
ಎರಡು ನಿಮಿಷದಲ್ಲಿ ಮುಗಿಯುವಷ್ಟು. ಮಿಕ್ಕಿದರೆ ಬಲೆಯಲ್ಲಿ ಎತ್ತಿ.
ಪಂಪು ಮತ್ತೆ ಹಾಕಲು ಮರೆತರೆ ನನ್ನನ್ನು ಕೇಳಬೇಡಿ.’
ಟೇಕ್ ಬಹಾದುರ್ ಡ್ರಿಪ್ ನಳಿಕೆಯ ತುಂಡು ತಂದ
(ಹೊಸದು ಅಂತ ಆಣೆ ಹಾಕಿದ),
ತುದಿ ತುದಿ ಸೇರಿಸಿ ಬಳೆ ಮಾಡಿ ತೇಲಿಬಿಟ್ಟ.
ಊಟ ಅದರೊಳಗೆ, ಚೆಲ್ಲಾಪಿಲ್ಲಿ ಇಲ್ಲ.
ಕಾಳು ಮೊದಲು ಚಹಾ ಲೋಟದಲ್ಲಿ ನೆನೆಯಲಿ,
ಉಬ್ಬುವುದಾದರೆ ಹೊಟ್ಟೆಯೊಳಗೆ ಬೇಡ.
ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಲ್ಲೇ ಹಿಂಡಬೇಕು.
ನಲ್ಲಿಯದನ್ನು ನಂಬುವಂತಿಲ್ಲ; ಜೂನ್‌ನಲ್ಲಿ ಇಲ್ಲಿ
ತಣ್ಣೀರಿನ ನಲ್ಲಿಯೂ ಕುದಿ ಕಕ್ಕುತ್ತದೆ.
ಹೊಸ ನೀರಿನ ಬಕೆಟ್ಟು ರಾತ್ರಿಯಿಡೀ ಎಸಿಯ ಕೆಳಗೆ,
ಬಾಡಿಗೆ ಕೊಡದ ಎಂಟನೆಯವನ ಹಾಗೆ.

ಏಳು ಜನ, ಏಳು ದಿನ, ಸಲೀಸು ಅಂದುಕೊಂಡೆವು.
ಆದರೆ ವಾರಕ್ಕೊಂದು ದಿನ ಏನೂ ಹಾಕಬಾರದಂತೆ.
ಆ ದಿನ ಯಾರ ಪಾಲು?
ಟೈಲರುಗಳು ಜಗಳಕ್ಕೇ ನಿಂತರು.
ಇದಿನಬ್ಬ ಗಡ್ಡ ಕೆರೆದುಕೊಂಡ:
‘ಶುಕ್ರವಾರ ನನಗಿರಲಿ.’

ಈಗ ನೀರು ಎಷ್ಟು ತಿಳಿ ಅಂದರೆ
ತೊಟ್ಟಿಯ ಆಚೆ ಮಲಗಿದವರ ಒಡೆದ ಹಿಮ್ಮಡಿ ಕಾಣುತ್ತದೆ.
ನಮಾಜು ಮುಗಿಸಿ ಬಂದ ಇದಿನಬ್ಬ
ಬಕೆಟ್ಟು ಕವುಚಿ ಅದರ ಮೇಲೆ ಕೂರುತ್ತಾನೆ.
ರಾತ್ರಿಯಿಡೀ ಊರಿಗೆಲ್ಲ ಹಿಟ್ಟು ನಾದಿದ ಕೈ.
ನಾಲ್ಕು ಬಾಯಿ ಮೇಲೆ ಬರುತ್ತವೆ,
ತೆರೆಯುತ್ತವೆ, ಮುಚ್ಚುತ್ತವೆ.
ಡಬ್ಬಿ ಕಪಾಟಿನಲ್ಲಿದೆ. ಬೀಗ ಇಲ್ಲ.
‘ಇವತ್ತಿಲ್ಲ,’ ಅನ್ನುತ್ತಾನೆ, ಬ್ಯಾರಿಯಲ್ಲಿ, ಮೆಲ್ಲಗೆ,
ಅಂದು
ಹೆಬ್ಬೆರಳಿಗೆ ತೋರುಬೆರಳು ತಾಗಿಸಿ
ಖಾಲಿ ಚಿಟಿಕೆಯನ್ನು
ಉಜ್ಜುತ್ತ ಇರುತ್ತಾನೆ.