ಕಾಲಂ ಹನ್ನೊಂದು

ಚೌಕಟ್ಟು ಹಾಕಿಸಿ ತೂಗಬಿಟ್ಟೀನಿ ಪರವಾನಗಿ,
ಬಂದವರಿಗೆಲ್ಲ ಕಾಣೂ ಹಂಗ, ನಿಯಮದ ಪ್ರಕಾರ.
ವಾರಕ್ಕೆರಡು ಸಲ ಗಾಜು ಒರಸಬೇಕು.
ವಾಡಿಯ ಸಿಮೆಂಟಿನ ಧೂಳು
ಸರಕಾರದ ಸಿಂಹಕ್ಕೂ ಮಾಫಿ ಕೊಡೂದಿಲ್ಲ.

ಅರ್ಜಿ ಹದಿನಾಲ್ಕು ಪುಟ ಇತ್ತು.
ಠೇವಣಿ ಎಷ್ಟು ಇಡ್ತೀರಿ, ಆಸ್ತಿ ಎಷ್ಟು, ಸಾಲ ಎಷ್ಟು,
ಠಾಣೆಯಿಂದ ಪತ್ರ ತಂದೀರೇನು,
ಜನರ ರೊಕ್ಕ ನಿಮ್ಮ ರೊಕ್ಕದಾಗ ಬೆರೀದಂಗ
ಹ್ಯಾಂಗ ನೋಡ್ಕೋತೀರಿ?
ಕಲಬುರಗಿಗೆ ಒಂಬತ್ತು ಸಲ ಹೋಗಿ ಬಂದೆ.
ಎಂಟನೇ ಸಲಕ್ಕ ಗುಮಾಸ್ತ ಅಂದ:
ಕಾಲಂ ಹನ್ನೊಂದು ಖಾಲಿ ಬಿಟ್ಟೀರಲ್ಲ ಅಕ್ಕಾರ,
ಈ ಧಂದೆಯೊಳಗ ಪೂರ್ವಾನುಭವ?

ಏನು ಬರೀಲಿ?
ಮಶಾಕಣ್ಣನ ಹೆಸರು ಬರೀಲೇನು?

ಮುಂಬೈ ಗಾಡಿಯಿಂದ ನಸುಕಿನ್ಯಾಗ ಇಳೀತಿದ್ದ ಅಂವ,
ಹೊಟ್ಟಿ ಒಂದಿಷ್ಟು ಮುಂದ ಬಂದಂಗ.
ಬನಿಯನ್ ಒಳಗೊಂದು ಮಾದರಪಾಟಿನ ಚೀಲ,
ಚೀಲದಾಗ ಕುರ್ಲಾದ, ಪನವೇಲಿನ ಗೌಂಡಿ ಕೆಲಸದ ರೊಕ್ಕ.
ಓದು ಬರ್ತಿದ್ದಿಲ್ಲ. ಮನಿಗೊಂದು ನೂಲು:
ನಾಲವಾರದ ನಿಂಗವ್ವಗ ಹಸಿರು,
ಶಹಾಬಾದದ ಪಾಶಾಮಿಯಾನ ಮನಿಗೆ ಬಿಳಿ,
ನಮ್ಮವ್ವಗ ಕೆಂಪು, ಎರಡು ಗಂಟು.
ನೂರಕ್ಕ ಎರಡು ರೂಪಾಯಿ ಅವನ ಪಾಲು,
ಮ್ಯಾಲ ಒಂದು ಕಪ್ಪು ಚಾ.
ರೊಕ್ಕದ ಜೋಡಿ ಮಾತೂ ತರ್ತಿದ್ದ.
"ಹೊಟ್ಟಿತುಂಬ ಉಣ್ಲತ್ತೀನಿ ಅನ್ನು ಅಂದಾನ."
"ಕೆಮ್ಮು ಕಮ್ಮಿ ಆಗ್ಯಾದ ಅನ್ನು ಅಂದಾನ."
ಆ 'ಅನ್ನು ಅಂದಾನ'ದಾಗೇ
ಅಪ್ಪನ ಕೆಮ್ಮು ಕಮ್ಮಿ ಆಗಿಲ್ಲ ಅಂತ
ಅವ್ವಗ ತಿಳೀತಿತ್ತು.
ಅದಕ್ಕ ರಸೀದಿ ಇದ್ದಿಲ್ಲ.

ಒಂದು ಸಲ ದುಧನಿ ಹತ್ತರ ಗಾಡಿಯೊಳಗೇ ಚೀಲ ಕೊಯ್ದರು.
ಮೂರು ದಿನ ಅಂವ ಯಾರ ಕಣ್ಣಿಗೂ ಬೀಳಲಿಲ್ಲ.
ನಾಕನೇ ದಿನ ಬಂದ.
ಎಲ್ಲಾ ನೂಲು ಇದ್ದವು, ಬಣ್ಣ ಸರಿ, ಗಂಟು ಸರಿ,
ನೋಟು ಮಾತ್ರ ಸಾವಕಾರನ ಪೆಟ್ಟಿಗಿ ವಾಸನೆ ಹೊಡೀತಿದ್ದವು.
ಆ ವರ್ಷದಿಂದ ಅವನ ಹೇಂತಿ ಖಾಜಾಬಿ ಕಿವ್ಯಾಗ
ಬೇವಿನ ಕಡ್ಡಿ.
ಠೇವಣಿ ಅಂದರ ಇದೇ ಇರಬೇಕು ಅಂತ
ಹದಿನಾಲ್ಕು ಪುಟ ತುಂಬೂವಾಗ ನನಗ ಹೊಳೀತು.

ಆದ್ರ ಸುಳ್ಳು ಹೇಳಬಾರದು.
ಮಶಾಕಣ್ಣ ಮಂಡಿನೋವಿಗೆ ಕೂತ ವರ್ಷ
ಅವನ ಬದಲಿ ಚಂದ್ರಾಮ ಅನ್ನಾಂವ ಬಂದ.
ನಗೂ ಮಾರಿ. ಅವನೂ ಚಾ ಕುಡದ, ಅವನೂ ಮಾತು ತಂದ,
ನೂಲಿನ ಬಣ್ಣ ಒಂದೂ ತಪ್ಪಲಿಲ್ಲ.
ಮೂರನೇ ತಿಂಗಳು
ಹದಿನೇಳು ಮನಿ ರೊಕ್ಕ ತಗೊಂಡು ಇಳೀಲೇ ಇಲ್ಲ.
ಗಾಡಿ ಬಂತು, ನಿಂತಿತು, ಯಾದಗಿರಿ ಕಡಿಗೆ ಹೋಯ್ತು.
ಜೋಳದ ಖಾಲಿ ಚೀಲ ಮಡಚಿ ಕಂಕುಳಾಗ ಇಟಗೊಂಡು
ಅವ್ವ ಹತ್ತು ಗಂಟೆ ತನಕ ಪ್ಲಾಟ್‌ಫಾರ್ಮಿನ ಮ್ಯಾಲ ನಿಂತಿದ್ದಳು.
ಠಾಣೆಯಾಗ ಕೇಳಿದರು: ರಸೀದಿ?
ಹದಿನೇಳು ಮನಿಯೊಳಗ ಒಂದು ಚೀಟಿ ಇದ್ದಿಲ್ಲ.
ಹಳೇ ತಿಂಗಳ ಕೆಂಪು ನೂಲು ಬಿಚ್ಚಿ ತೋರಿಸಿದಳು ಅವ್ವ.
ಠಾಣೆಗೆ ಠಾಣೆ ನಕ್ಕಿತು.

ಅದಕ್ಕ ಆ ಹದಿನಾಲ್ಕು ಪುಟಕ್ಕ ನಾ ಬೈಯೂದಿಲ್ಲ.
ಮಶಾಕಣ್ಣಗ ಅವು ಬೇಕಾಗಿದ್ದಿಲ್ಲ, ಖರೆ.
ಆದ್ರ ಕತ್ತಲದಾಗ ಗಾಡಿ ಇಳಿದು ಬರೂವಾಗ
ಮಶಾಕಣ್ಣ ಯಾವಾಂವ, ಚಂದ್ರಾಮ ಯಾವಾಂವ,
ಹೊಟ್ಟಿ ನೋಡಿ ಹೇಳೂದು ಹ್ಯಾಂಗ?

ಕಾಲಂ ಹನ್ನೊಂದರಾಗ ಬರದೆ: ಇಲ್ಲ.
ಗುಮಾಸ್ತ ಖುಷಿಯಿಂದ ಠಸ್ಸೆ ಹೊಡದ.

ಹೋದ ವಾರ ತಪಾಸಣಿಗೆ ಸಾಹೇಬರು ಬಂದಿದ್ದರು.
ಐದು ವರ್ಷದ ರಸೀದಿ ತೆಗಸಿ
ಅಂಗಡಿ ತುಂಬ ಹರವಿ ಕೂತರು.
ಒಂದು ರೂಪಾಯಿ ಹೆಚ್ಚುಕಮ್ಮಿ ಸಿಗಲಿಲ್ಲ.
ಏಳೂವಾಗ ಕೇಳಿದರು:
"ಇವೇನ್ರೀ, ಕಟ್ಟಿಗೊಂದು ಬಣ್ಣದ ನೂಲು?
ರಬ್ಬರ್ ಬ್ಯಾಂಡ್ ಸಿಗೂದಿಲ್ಲೇನು ನಿಮ್ಮ ವಾಡಿಯೊಳಗ?"

ನಮ್ಮ ಬಿಸಿಲಿಗೆ ಹರೀತಾವ್ರೀ ಸರ, ಅಂದೆ.
ಅದೂ ಖರೇನೇ.