ಹಳದಿ ಪ್ರತಿ

ಸಾಫ್ಟ್‌ವೇರ್‌ನವರು ಬರುವುದು ಮುಂದಿನ ತಿಂಗಳು ಹದಿನೈದಕ್ಕೆ.
ಅಷ್ಟರೊಳಗೆ ಒಂದು ಚೀಟಿಯ ಹಿಂದೆ ನಡೆದು
ಅದು ಎಲ್ಲಿ ಹುಟ್ಟಿ, ಎಲ್ಲೆಲ್ಲಿ ಕೂತು, ಎಲ್ಲಿ ಸಾಯುತ್ತದೆಂದು
ಬರೆದುಕೊಡಬೇಕು ನಾನು.

ಮಂಡಿ ಮೊಹಲ್ಲದ ಗಲ್ಲಿ. ಊದಿನಕಡ್ಡಿ ಕಾರ್ಖಾನೆ.
ನಂಜರಾಜ ಶೆಟ್ಟರು ಮೊದಲ ದಿನವೇ ಹೇಳಿದರು:
"ಇರೋದನ್ನ ಇದ್ದ ಹಾಗೇ ಕಂಪ್ಯೂಟರಿಗೆ ಹಾಕ್ಬಿಡಿ, ಸಾಕು."
ತೂತು ಬಿಂದಿಗೆಗೆ ಬೆಳ್ಳಿ ಮುಲಾಮು ಹಾಕಿದರೆ
ನೀರು ನಿಲ್ಲುತ್ತದೆಯೇ, ಎನ್ನಬೇಕೆಂದಿದ್ದೆ.
ಕಾಫಿ ಬಂತು. ಸುಮ್ಮನಾದೆ.

ಬೆಳಿಗ್ಗೆ ಒಂಬತ್ತಕ್ಕೆ ಹೆಂಗಸರು ಬರುತ್ತಾರೆ
ರಾಜೀವನಗರದಿಂದ, ಕೆಸರೆಯಿಂದ,
ಮನೆಯಲ್ಲಿ ಹೊಸೆದ ಬತ್ತಿಯನ್ನು ಹಳೇ ಸೀರೆಯಲ್ಲಿ ಗಂಟು ಕಟ್ಟಿ.
ಅಂಗೈ ಕಪ್ಪು. ಉಗುರಿನ ಸಂದಿಯೂ.
ಪುಟ್ಟಬುದ್ಧಿ ತೂಗುತ್ತಾನೆ, ಕಾರ್ಬನ್ ಇಟ್ಟು ಬರೆಯುತ್ತಾನೆ.
ಬಿಳಿಯದು ಲೆಕ್ಕಕ್ಕೆ, ಗುಲಾಬಿ ಗೋಡೌನಿಗೆ,
ಹಸಿರು ಹೊಸೆದವಳ ಕೈಗೆ,
ಹಳದಿ?

ಹಳದಿಯ ಹಿಂದೆ ಹೋದೆ.
ಮೆಟ್ಟಿಲು ಹತ್ತಿತು. ಶ್ರೀಕಂಠಸ್ವಾಮಿಯ ಮೇಜಿನ ಮೇಲೆ
ಎರಡು ದಿನ ಮಲಗಿತು. ರುಜು ಹಾಕಿಸಿಕೊಂಡು ಇಳಿದು
ಬಾಗಿಲ ಹಿಂದಿನ ತಂತಿಗೆ ಚುಚ್ಚಿಕೊಂಡಿತು.
ತಂತಿ ತುಂಬಿದರೆ ಗೋಣಿಚೀಲ.
ಚೀಲ ತುಂಬಿದರೆ?
"ಅಟ್ಟಕ್ಕೆ ಹಾಕ್ತೀವಿ, ಮೇಡಂ."
ಯಾರು ನೋಡ್ತಾರೆ?
"ಯಾರೂ ಇಲ್ಲ."
ಮತ್ಯಾಕೆ?
"ಮೊದ್ಲಿಂದ್ಲೂ ಹಂಗೇ."

ಅಲುಗುವ ಮೇಜಿನ ಕಾಲಡಿ ಕಾಗದ ಮಡಚಿ ತುರುಕುವ ಹಾಗೆ
ಎಷ್ಟು ಆಫೀಸುಗಳ ಕೆಳಗೆ ತುರುಕಿದ್ದಾರೋ
ಈ ಮಾತನ್ನು.

ಗೋಡೆಯ ಹಾಳೆಗೆ ಹದಿನೇಳು ಹೆಜ್ಜೆ ಬರೆದೆ,
ಕೆಂಪು ಪೆನ್ನಿನಲ್ಲಿ ಆರನ್ನು ಹೊಡೆದೆ.
ಹಳದಿ ಹೋಯಿತು. ರುಜು ಹೋಯಿತು.
ಶ್ರೀಕಂಠಸ್ವಾಮಿ ಕನ್ನಡಕ ತೆಗೆದು ಒರೆಸಿಕೊಂಡರು;
ಇಪ್ಪತ್ತೆರಡು ವರ್ಷದ ರುಜು ಅದು.
ಹೊಡೆಯುವ ಹುಮ್ಮಸ್ಸಿನಲ್ಲಿ ಐದನೆಯದೂ ಹೋಗಿತ್ತು:
ಎರಡನೇ ಸಲ ತೂಕ.
ಜಗಲಿಯ ತೊಲೆಗೆ ನೇತುಬಿದ್ದ ತುಕ್ಕು ಸರಪಳಿಯ ತಕ್ಕಡಿಯಲ್ಲಿ
ಅದೇ ಬತ್ತಿಯನ್ನು ಹೆಂಗಸರೇ ಮತ್ತೆ ತೂಗುವುದು.
ದಿನಕ್ಕೆ ಒಂದೂವರೆ ಗಂಟೆ ದಂಡ, ಎಂದು ಪಕ್ಕದಲ್ಲಿ ಗೀಚಿದ್ದೆ.

ಜೈತುನ್‌ಬೀಗೆ ಓದು ಬಾರದು.
ಕೆಂಪು ಗೀಟು ಮಾತ್ರ ಎಲ್ಲರಿಗೂ ಓದಲು ಬರುತ್ತದೆ.
"ಯಾವ್ದಮ್ಮಾ ಹೊಡೆದಿದ್ದು ಇದು?"
ಹೇಳಿದೆ.
ಕೂರದೆಯೇ, ಸೆರಗಿಗೆ ಕೈ ಒರೆಸುತ್ತಾ, ಶುರು ಮಾಡಿದಳು.
ಕಿಲೋಗೆ ನೂರು ಗ್ರಾಂ ನುಂಗುತ್ತಿದ್ದ ತೂಕದವನು.
ಮೂರು ದಿನ ಹೊಸೆಯದೆ ಗಲ್ಲಿಯಲ್ಲಿ ಕೂತದ್ದು.
ಚಿಕ್ಕತಾಯಮ್ಮ ಮನೆಯಿಂದ ತಕ್ಕಡಿ ಹೊತ್ತು ತಂದು
ಇದೇ ತೊಲೆಗೆ ಕಟ್ಟಿದ್ದು.
"ದೊಡ್ಡ ಶೆಟ್ರು ಏನೂ ಬರ್ಕೊಡ್ಲಿಲ್ಲ.
ಅಲ್ಲೇ ಇರ್ಲಿ ಅಂದ್ರು. ಅಷ್ಟೇ."
ಚಿಕ್ಕತಾಯಮ್ಮ ಈಗಿಲ್ಲ. ದೊಡ್ಡ ಶೆಟ್ಟರೂ.
ತಕ್ಕಡಿ ಇದೆ.

ನನ್ನ ನಕ್ಷೆಯಲ್ಲಿ ಚೌಕಕ್ಕೊಂದು ಅರ್ಥ, ಬಾಣಕ್ಕೊಂದು.
ತೊಲೆಗೆ ಕಟ್ಟಿದ ಮಾತಿಗೆ ಯಾವ ಆಕಾರ?

ಮರುದಿನ ಪುಟ್ಟಬುದ್ಧಿಯ ಸ್ಟೂಲಿನ ಮೇಲೆ ಕೂತೆ.
ಅಂಕಿ ಕಂಡಿತು, ಸ್ಪಷ್ಟ, ಹಸಿರು.
ಎದ್ದು ಈಚೆ ಬಂದು ಗಂಟು ಹಿಡಿದು ಸಾಲಿನಲ್ಲಿ ನಿಂತೆ.
ಯಂತ್ರದ ಬೆನ್ನು ಕಂಡಿತು, ಅದಕ್ಕಂಟಿಸಿದ
ಹೋದ ವರ್ಷದ ಕ್ಯಾಲೆಂಡರು.

ಸ್ಪ್ಯಾನರ್ ಕೇಳಿದೆ.
ಎರಡು ಬೋಲ್ಟು, ಹತ್ತು ನಿಮಿಷ.
ಈಗ ಅಂಕಿಯ ಮುಖ ಸಾಲಿನ ಕಡೆ.
ಪುಟ್ಟಬುದ್ಧಿ ಕತ್ತು ಚಾಚಿ ಓದುತ್ತಾನೆ, ಗೊಣಗುತ್ತಾನೆ.
ತಕ್ಕಡಿ ತೆಗೆಯಿರೆಂದು ನಾನು ಹೇಳಲಿಲ್ಲ.
ಮೊದಲ ವಾರ ಎಲ್ಲರೂ ಎರಡೂ ಕಡೆ ತೂಗಿದರು,
ಆಮೇಲೆ ಕೆಲವರು.
ಜೈತುನ್‌ಬೀ ಇನ್ನೂ ತೂಗುತ್ತಾಳೆ. ತೂಗಲಿ.

ಹದಿನೈದಕ್ಕೆ ಹುಡುಗ ಬಂದ, ಲ್ಯಾಪ್‌ಟಾಪು ಬಿಚ್ಚಿ ಹಾಳೆ ನೋಡಿದ.
"ಐದನೇದು ಹೊಡೆದು ಮತ್ತೆ ಬರ್ದಿದ್ದೀರ. ಇಡ್ಲಾ, ಬಿಡ್ಲಾ?"
ನಾನು ಬಾಯಿ ತೆರೆಯುವಷ್ಟರಲ್ಲಿ ಶ್ರೀಕಂಠಸ್ವಾಮಿ:
"ಅವ್ರ ತೂಕಕ್ಕೂ ಒಂದು ಮನೆ ಬಿಡಪ್ಪ. ಖಾಲಿ ಇದ್ರೂ ಇರ್ಲಿ."
ಅಂದು, ಹಳದಿ ಚೀಟಿಯೊಂದರ ಬೆನ್ನಿಗೆ
ಸಂಜೆಯ ಪಟ್ಟಿ ಮುಂದುವರಿಸಿದರು:
ಕೊತ್ತಂಬರಿ, ಒಂದು ಚಿಪ್ಪು ರಸಬಾಳೆ,
ಬ್ಯಾಟರಿ ಸೆಲ್ ಎರಡು.